ಪುಣೆಯ ಗುಡ್ಡದ ಪೆನ್ಶನರರು

ಪುಣೆಗೆ ಹೋಗಿ ಬಂದವರನ್ನು ಏನೇನು ನೋಡಿದಿರೆಂದು ಕೇಳಿದರೆ ಶನಿವಾರವಾಡೆ, ಪರ್ವತಿ, ಸಿಂಹಗಡ, ಆಗಾಖಾನ್ ಅರಮನೆ ಎಂದು ಬೆರಳೆಣಿಸುತ್ತಾರೆ. ಹೆಣ್ಣುಮಕ್ಕಳು ಲಕ್ಷ್ಮೀ ರಸ್ತೆಯ ಸೀರೆಯಂಗಡಿಗಳನ್ನೂ ಮಕ್ಕಳು ಬಾಕರವಡಿಯನ್ನೂ ಈ ಪಟ್ಟಿಗೆ ಸೇರಿಸುವುದುಂಟು. ಇವೆಲ್ಲ ನೋಡತಕ್ಕವೇ ಸರಿ. ಆದರೆ ಕಳೆದ ಏಪ್ರಿಲಿನಲ್ಲಿ ನಾವು ಮುಂಬಯಿಯಿಂದ ಹೋಗಿ ನಾಲ್ಕು ದಿನ ಅಲ್ಲಿದ್ದು ಕಂಡುಬಂದ ನೋಟವೊಂದು ನಮ್ಮ ಕೈಯಲ್ಲಿದ್ದ ಪ್ರವಾಸದ ಪುಸ್ತಕದಲ್ಲಿ ಇರಲಿಲ್ಲ. ಅದಕ್ಕೆ ಟಿಕೀಟು ಬೇಡ, ಮಾರ್ಗದರ್ಶಿಯೂ ಬೇಡ. ಬೆಳಗಿನ ಐದೂವರೆಗೆ ಹಾಸಿಗೆ ಬಿಟ್ಟೇಳುವ ಮನಸ್ಸೊಂದು ಬೇಕು. ಅದನ್ನು ವಾಚಕ ಬಂಧುಗಳಿಗೂ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಪುಣೆಗೆ 'ಪೆನ್ಶನರರ ಸ್ವರ್ಗ' ಎಂಬ ಹೆಸರು ಬಹಳ ಹಳೆಯದು. ಊರು ಸಮುದ್ರಮಟ್ಟದಿಂದ ಸುಮಾರು ೫೬೦ ಮೀಟರು ಎತ್ತರದಲ್ಲಿರುವುದರಿಂದ ಮುಂಬಯಿಯ ಬೆವರು ಇಲ್ಲಿಲ್ಲ. ಸಹ್ಯಾದ್ರಿಯ ಮರೆಯಲ್ಲಿರುವುದರಿಂದ ಮುಂಬಯಿಯ ಮಳೆಯೂ ಇಲ್ಲ. ಇನ್ನು ಪೆನ್ಶನ್ ಕೊಡುವ ಕಚೇರಿಗಳಿಗಂತೂ ಬರವಿಲ್ಲ. ಸೈನ್ಯದ ದಕ್ಷಿಣ ಕಮಾಂಡಿನ ಮುಖ್ಯ ಠಾಣೆ ಇಲ್ಲಿಯೇ ಇದೆ. ಖಡಕಿಯ ಮದ್ದುಗುಂಡಿನ ಕಾರಖಾನೆ ೧೮೬೯ರಷ್ಟು ಹಿಂದಿನದು. ಹವಾಮಾನ ಇಲಾಖೆ ೧೯೨೮ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದಿತು. ಅದರ ಮುಖ್ಯ ಕಚೇರಿ ಮುಂದೆ ದಿಲ್ಲಿಗೆ ಹೋದರೂ ಇಲ್ಲಿಯ ಕೆಲಸ ನಿಲ್ಲಲಿಲ್ಲ. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ೧೯೫೦ರಲ್ಲಿ ತೆರೆಯಿತು. ಇಷ್ಟು ಕಚೇರಿಗಳಿದ್ದ ಮೇಲೆ ವರ್ಷವರ್ಷವೂ ಹಾರ ಹಾಕಿಸಿಕೊಂಡು ಮನೆಗೆ ಮರಳುವವರ ಸಂಖ್ಯೆಯೂ ಅಷ್ಟೇ ದೊಡ್ಡದಾಗಿರಬೇಕಲ್ಲವೆ?

ನಮ್ಮ ಕನ್ನಡಿಗರಿಗೂ ಈ ಊರು ಹೊಸದಲ್ಲ. ೧೯೫೬ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ ಓದಬೇಕೆನ್ನುವ ಹುಡುಗರು ಗಂಟು ಕಟ್ಟಿಕೊಂಡು ಪುಣೆಯ ರೈಲು ಹತ್ತುತ್ತಿದ್ದರು. ಬೇಂದ್ರೆಯವರು ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ ೧೯೧೮ರಲ್ಲಿ ಬಿ. ಎ. ಪದವಿ ಪಡೆದರು. ಅವರಿಗಿಂತ ಎಷ್ಟೋ ಮೊದಲು, ೧೮೮೩ರಲ್ಲಿ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಲ್ಲಿಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪರೀಕ್ಷೆಯನ್ನು ಮುಗಿಸಿದರು. ಊರಿಗೆ ನೀರುಣಿಸುವ ಖಡಕವಾಸಲಾ ಕೆರೆಗೆ ತಾನಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ೧೯೦೩ರಲ್ಲಿ ಹಾಕಿಸಿದವರೂ ಅವರೇ. ಹೀಗೆ ಓದಲು ಬಂದವರು, ನೌಕರಿಗೆ ಬಂದವರು, ಹೋಟೆಲು ತೆರೆಯಲು ಬಂದವರು, ಎಲ್ಲರೂ ಸೇರಿ ಇಲ್ಲೊಂದು ಕನ್ನಡದ ಊರು ಬೆಳೆದಿದೆ.

ಹಾಗೆ ಬಂದವರಲ್ಲಿ ನಮ್ಮ ಸೋದರಮಾವನೂ ಒಬ್ಬರು. ಧಾರವಾಡದ ಹುಡುಗ, ಸೈನ್ಯದ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಅರವತ್ತಕ್ಕೆ ನಿವೃತ್ತರಾದರು. ಈಗ ಎಪ್ಪತ್ತೇಳು. ಅವರ ಮನೆಯಲ್ಲಿ ಇಳಿದ ಮೊದಲ ರಾತ್ರಿಯೇ ಮಾಮಾ ಅಪ್ಪಣೆ ಕೊಟ್ಟರು: "ನಾಳೆ ಶುದ್ಧ ಐದೂವರಿಗೆ ಹೊರಡೂದು. ಒಬ್ಬೊಬ್ಬರು ಒಂದೊಂದು ಬಾಟ್ಲಿ ಹಿಡೀರಿ. ಖಾಲಿ ಕೈಲೆ ಗುಡ್ಡ ಏರೂದು ಇಲ್ಲಿ ಪದ್ಧತಿ ಅಲ್ಲ."

ಪುಣೆಯ ಪಶ್ಚಿಮಕ್ಕೆ, ಊರ ನಡುವೆಯೇ ಎಂಬಂತೆ, ಗುಡ್ಡಗಳ ಸಾಲೊಂದಿದೆ. ಇಲ್ಲಿಯವರು ಗುಡ್ಡಕ್ಕೆ ಟೇಕಡಿ ಎನ್ನುತ್ತಾರೆ. ಫರ್ಗ್ಯೂಸನ್ ಕಾಲೇಜಿನ ಹಿಂದಿನದು ಹನುಮಾನ್ ಟೇಕಡಿ. ಸೇನಾಪತಿ ಬಾಪಟ್ ರಸ್ತೆಯ ಆಚೆಗೆ ಇನ್ನೂ ದೊಡ್ಡದಾದ ವೇತಾಳ ಟೇಕಡಿ. ಇದರ ನೆತ್ತಿಯಲ್ಲಿ ವೇತಾಳಬಾಬಾನ ಗುಡಿಯಿದೆ. ಸುಮಾರು ೮೦೦ ಮೀಟರು ಎತ್ತರದ ಈ ನೆತ್ತಿಯೇ ಪುಣೆಯ ಎಲ್ಲೆಯೊಳಗಿನ ಅತಿ ಎತ್ತರದ ಜಾಗವೆಂದು ಹೇಳುತ್ತಾರೆ. ಹಿಂದೆ ಕಲ್ಲು ಒಡೆದು ತೆಗೆದ ದೊಡ್ಡ ಗಣಿಯೊಂದು ಮೇಲಿದೆ. ಅದರಲ್ಲಿ ಮಳೆಯ ನೀರು ನಿಂತು ಕೆರೆಯಂತಾಗಿದೆ. ನವಿಲುಗಳ ಕೂಗು ಕೇಳಿಸುತ್ತದೆ. ಕೆಳಗೆ ನೋಡಿದರೆ ಲಕ್ಷಾಂತರ ಜನರ ಪಟ್ಟಣ; ದೂರದಲ್ಲಿ ಪರ್ವತಿಯ ಶಿಖರ; ಗಾಳಿ ತಿಳಿಯಾಗಿದ್ದ ದಿನ ನೈಋತ್ಯಕ್ಕೆ ಸಿಂಹಗಡವೂ ಕಾಣುತ್ತದೆ.

ಲಾ ಕಾಲೇಜ್ ರಸ್ತೆಯ ಕಡೆಯಿಂದ ನಾವು ಏರತೊಡಗಿದಾಗ ಇನ್ನೂ ನಸುಗತ್ತಲೆ. ನಾವೇ ಮೊದಲಿಗರೆಂದು ತಿಳಿದಿದ್ದೆವು. ಆದರೆ ಮುಂದೆ ಹಿಂದೆ ಎಲ್ಲಿ ನೋಡಿದರಲ್ಲಿ ಬಿಳಿಯ ಟೊಪ್ಪಿಗೆ, ಕೈಕೋಲು, ಉಣ್ಣೆಯ ಮಫ್ಲರು, ಕ್ಯಾನ್‌ವಾಸ್ ಬೂಟು. ಏಪ್ರಿಲಿನಲ್ಲಿ ಮಫ್ಲರು ಯಾಕೆಂದು ನಮ್ಮ ಮಗ ಕೇಳಿದ. "ಅದು ಚಳಿಗಲ್ಲಪಾ, ರೂಢಿಗೆ" ಎಂದರು ಮಾಮಾ. ಒಬ್ಬೊಬ್ಬರ ಹೆಗಲಲ್ಲಿಯೂ ಒಂದೊಂದು ಕೈಚೀಲ. ಚೀಲದಲ್ಲಿ ಎರಡು ಲೀಟರಿನ ಎರಡೆರಡು ಬಾಟ್ಲಿ ನೀರು.

ಈ ನೀರು ಕುಡಿಯುವುದಕ್ಕಲ್ಲ, ಸಸಿಗಳಿಗೆ.

ಗುಡ್ಡದ ನೆಲವೆಂದರೆ ಕರಿಯ ಅಗ್ನಿಶಿಲೆಯ ಬಂಡೆ. ಅದರ ಮೇಲೆ ಗೇಣು ಮಣ್ಣು, ಕೆಲವೆಡೆ ಬರಿಯ ಮೊರಮು. ಜೂನಿನಿಂದ ಸಪ್ಟಂಬರಿನ ವರೆಗೆ ಮಳೆ ಬಂದು ಎಲ್ಲ ಹಸುರಾಗುತ್ತದೆ. ಅಕ್ಟೋಬರು ಕಳೆಯಿತೆಂದರೆ ನೆಲ ಒಣಗತೊಡಗಿ ಮುಂದಿನ ಜೂನಿನ ವರೆಗೆ ಏಳೆಂಟು ತಿಂಗಳು ಬಾಯಿಬಿಟ್ಟು ಕೂತಿರುತ್ತದೆ. ಮಳೆಗಾಲದಲ್ಲಿ ಸಸಿ ನೆಡುವವರು ಬಹಳ ಜನ. ಫೋಟೋ ತೆಗೆಸಿಕೊಂಡು ಇಳಿದು ಹೋದವರ ಸಸಿಗಳು ಜನವರಿಯಲ್ಲಿ ಕಡ್ಡಿಗಳಾಗುತ್ತವೆ. ಬೇರು ಬಂಡೆಯ ಬಿರುಕನ್ನು ಹುಡುಕಿಕೊಂಡು ಆಳಕ್ಕೆ ಇಳಿಯುವ ತನಕ, ಎಂದರೆ ಮೂರು ಬೇಸಗೆ, ಯಾರಾದರೂ ನೀರೆರೆಯಲೇಬೇಕು. ಸಸಿ ನೆಡುವುದು ಒಂದು ದಿನದ ಕೆಲಸ. ಬದುಕಿಸುವುದು ಮೂರು ವರ್ಷದ್ದು. ಮೂರು ವರ್ಷ ಬೆಳಗ್ಗೆ ತಪ್ಪದೆ ಗುಡ್ಡ ಏರುವಷ್ಟು ಪುರಸೊತ್ತು ಪೆನ್ಶನರರನ್ನು ಬಿಟ್ಟರೆ ಬೇರೆ ಯಾರಿಗಿದೆ?

ಇಂಥ ಗುಂಪುಗಳು ಪುಣೆಯ ಗುಡ್ಡಗಳಲ್ಲಿ ಎಷ್ಟೋ ಇವೆ. ಹೆಚ್ಚಿನವಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಮಾಮಾನ ಗುಂಪಿನಲ್ಲಿ ಟಪಾಲು ಖಾತೆಯವರು, ಬ್ಯಾಂಕಿನವರು, ಶಾಲೆಯ ಮಾಸ್ತರರು, ಇಬ್ಬರು ನರ್ಸಬಾಯಿಗಳು, ಸಸ್ಯಶಾಸ್ತ್ರ ಕಲಿಸಿದ ಒಬ್ಬ ಪ್ರಾಧ್ಯಾಪಕರು ಇದ್ದಾರೆ. ಮಾತು ಮರಾಠಿಯಲ್ಲಿ; ಮಾಮಾನ ಮರಾಠಿಯಲ್ಲಿ ಧಾರವಾಡದ ವಾಸನೆ ಇನ್ನೂ ಹೋಗಿಲ್ಲವೆಂದು ಅವರೆಲ್ಲ ಚೇಷ್ಟೆ ಮಾಡುತ್ತಾರೆ. ಆದರೆ ಗುಂಪಿನ ಲೆಕ್ಕದ ಪುಸ್ತಕ ಮಾತ್ರ ಮಾಮಾನ ಕೈಯಲ್ಲಿ. ನಲವತ್ತು ವರ್ಷ ಸೈನ್ಯದ ರೂಪಾಯಿ ಆಣೆ ಪೈಸೆಗೆ ತಾಳೆ ಹಾಕಿದ ಕೈ ಸುಮ್ಮನೆ ಕೂಡುವುದೆ?

ಬಂಡೆಯ ಮೇಲೆ ಕೂತು ಆ ಪುಸ್ತಕವನ್ನು ನಮಗೆ ತೋರಿಸಿದರು. ಗೆರೆ ಹಾಕಿದ ಹಳೆಯ ಮಾದರಿಯ ಖಾತೆ ಪುಸ್ತಕ. ಪ್ರತಿಯೊಂದು ಸಸಿಗೂ ಒಂದು ಅಂಕಿ, ಜಾತಿ, ನೆಟ್ಟ ದಿನ, ನೀರಿನ ಪಾಳಿ. ಒಟ್ಟು ೮೦ ಸಸಿ. ಒಂದೊಂದಕ್ಕೆ ವಾರದಲ್ಲಿ ಎರಡು ಸಲ, ಸಲಕ್ಕೆ ೨ ಲೀಟರು. ವಾರದ ಖರ್ಚು ೩೨೦ ಲೀಟರು. ಗುಂಪಿನವರು ೧೪ ಜನ. ದಿನಕ್ಕೆ ೪ ಲೀಟರಿನಂತೆ ವಾರಕ್ಕೆ ಆರು ದಿನ ಹೊತ್ತರೆ ಜಮೆ ೩೩೬ ಲೀಟರು. ಉಳಿತಾಯ ೧೬ ಲೀಟರು ಚೆಲ್ಲಿದ್ದಕ್ಕೆ, ಮತ್ತು ಹಕ್ಕಿಗಳಿಗೆಂದು ಇಟ್ಟ ಮಣ್ಣಿನ ಬೋಗುಣಿಗೆ. "ನೋಡ್ರಿ, ಲೆಕ್ಕ ಹೆಂಗ ಕೂತದ!" ಎಂದು ಮಾಮಾ ನಕ್ಕರು.

ಆದರೆ ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಲೆಕ್ಕವಿತ್ತು. ಗುಂಪನ್ನು ಕಟ್ಟಿದವರು ಟಪಾಲು ಖಾತೆಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು. ನಿವೃತ್ತರಾದ ಹೊಸದರಲ್ಲಿ ಮಾಮಾ ದಿನವೆಲ್ಲ ಬಾಲ್ಕನಿಯಲ್ಲಿ ಕೂತು ಹೋಗುವ ಬಸ್ಸು ಎಣಿಸುತ್ತಿದ್ದರಂತೆ. ಆಗ ಇವರೇ ಬಾಗಿಲು ತಟ್ಟಿ, ಎರಡು ಬಾಟ್ಲಿ ಕೈಗೆ ಕೊಟ್ಟು, ಗುಡ್ಡಕ್ಕೆ ಕರೆದುಕೊಂಡು ಹೋದದ್ದು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಪಾಳಿಯ ಸಸಿಗಳಿಗೆ ಇದು ಮೂರನೆಯ ಬೇಸಗೆ. ಉಳಿದ ೧೩ ಜನರ ಜಮೆ ೩೧೨ ಲೀಟರು. ಖರ್ಚು ಅದೇ ೩೨೦. ವಾರಕ್ಕೆ ೮ ಲೀಟರಿನ ಖೋತಾ. ಎಂದರೆ ಎರಡು ಸಸಿಗಳ ಜೀವ.

ಒಬ್ಬ ಮನುಷ್ಯ ಇಲ್ಲವಾದುದರ ಅಳತೆಯನ್ನು ಇಷ್ಟು ಸ್ಪಷ್ಟವಾಗಿ ಬರೆದುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಶೋಕಸಭೆಯಲ್ಲಿ 'ತುಂಬಲಾರದ ಹಾನಿ' ಎಂದು ಎಲ್ಲರಿಗೂ ಹೇಳುವುದುಂಟು. ಇಲ್ಲಿ ಹಾನಿ ಎಂಟು ಲೀಟರೆಂದು ಗೊತ್ತಿತ್ತು. ತುಂಬುವ ದಾರಿಯನ್ನೂ ಹುಡುಕಲೇಬೇಕಾಗಿತ್ತು. ಉಳಿದವರು ಇನ್ನಷ್ಟು ಹೊರುವುದು ಸಾಧ್ಯವಿರಲಿಲ್ಲ. ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಎದೆಯ ಶಸ್ತ್ರಕ್ರಿಯೆಯಾಗಿದೆ. ಕೊನೆಗೆ ಗುಡ್ಡದ ಬುಡದಲ್ಲಿ ಬೇವಿನ ಮರದ ಕೆಳಗೆ ತುಂಬಿದ ಬಾಟ್ಲಿಗಳನ್ನಿಟ್ಟು, ಮೇಲೆ ಹೋಗುವವರು ದಯವಿಟ್ಟು ಒಂದನ್ನು ಒಯ್ಯಬೇಕೆಂದು ಮರಾಠಿಯಲ್ಲಿ ರಟ್ಟಿನ ಮೇಲೆ ಬರೆದು ತೂಗಹಾಕಿದರು. ಮೊದಲ ವಾರ ಯಾರೂ ಮುಟ್ಟಲಿಲ್ಲ. ಎರಡನೆಯ ವಾರ ಓಡುತ್ತ ಹೋಗುವ ಹುಡುಗನೊಬ್ಬ ಒಯ್ದ. ಈಗ ರಾತ್ರಿಪಾಳಿ ಮುಗಿಸಿ ಬರುವ ಕಂಪ್ಯೂಟರ್ ಕಚೇರಿಯ ತರುಣರು, ಕಾಲೇಜಿನ ಹುಡುಗಿಯರು, ಯಾರು ಯಾರೋ ಒಯ್ಯುತ್ತಾರೆ. ಆ ವಾರ ನಮ್ಮ ಮನೆಯವರ ಬಾಟ್ಲಿಗಳೂ ಆ ಖೋತಾದ ಲೆಕ್ಕಕ್ಕೆ ಜಮೆಯಾದವು. ಮಾಮಾ ಅದನ್ನು ಪುಸ್ತಕದಲ್ಲಿ 'ಪರಸ್ಥಳದವರಿಂದ' ಎಂದು ನಮೂದಿಸಿದರು.

ಗತಿಸಿದವರು ನೆಟ್ಟ ಅತ್ತಿಯ ಗಿಡವನ್ನು ನಮ್ಮ ಮಗನಿಗೆ ತೋರಿಸಿ ನೀರು ಹಾಕಿಸಿದರು. ಬುಡದ ಸುತ್ತ ಪಾತಿ. ಪಾತಿಯ ಮೇಲೆ ಬಿಸಿಲಿಗೆ ಮಣ್ಣು ಒಣಗದಂತೆ ತರಗೆಲೆಯ ಹೊದಿಕೆ. ಅದರ ಮೇಲೆ ಗಾಳಿಗೆ ಎಲೆ ಹಾರದಂತೆ ಕಲ್ಲು. ಪಕ್ಕದಲ್ಲಿ ಕತ್ತಿನ ವರೆಗೆ ಹೂಳಿದ ಸಣ್ಣ ಮಡಕೆ. ನೀರನ್ನು ನೆಲಕ್ಕೆ ಸುರಿಯದೆ ಮಡಕೆಗೆ ತುಂಬಿ ಬಾಯಿ ಮುಚ್ಚಿದರೆ ಅದು ನಿಧಾನವಾಗಿ ಜಿನುಗಿ ಬೇರಿಗೆ ಹೋಗುತ್ತದೆ. ಮನೆಯಲ್ಲಿ ಒಡೆದ ಗಡಿಗೆಯನ್ನು ಎಸೆಯುವ ನಮಗೆ ಇದೊಂದು ಪಾಠವೇ ಆಯಿತು.

ನೀರು ಹೊರುವುದೊಂದೇ ಕೆಲಸವೆಂದು ತಿಳಿಯಬಾರದು. ಚಳಿಗಾಲ ಮುಗಿಯುವಷ್ಟರಲ್ಲಿ ಹುಲ್ಲು ಒಣಗಿ ಸಿಗರೇಟಿನ ಒಂದು ಕಿಡಿಗೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಅದಕ್ಕಾಗಿ ಸಸಿಗಳ ಸುತ್ತ ಹುಲ್ಲು ಸವರಿ ಬಯಲು ಪಟ್ಟಿಯನ್ನು ಬಿಡಬೇಕು. ಮೇ ತಿಂಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ತೋಡಿದ ಕಾಲುವೆಗಳ ಹೂಳು ತೆಗೆಯಬೇಕು. ಮಳೆಯ ನೀರು ಓಡದೆ ಅದರಲ್ಲಿ ಇಂಗಬೇಕು. ಹಿರಿಯರಿಂದ ಆಗದ ಅಗೆತಕ್ಕೆ ತಮ್ಮ ಪೆನ್ಶನ್ನಿನಿಂದ ವರ್ಗಣಿ ಕೂಡಿಸಿ ಕೂಲಿ ಕೊಡುತ್ತಾರೆ.

ಜಗಳವೂ ಇಲ್ಲದಿಲ್ಲ. ಗುಡ್ಡದ ಬಹುಭಾಗದಲ್ಲಿ ಅರಣ್ಯ ಇಲಾಖೆ ಹಿಂದೆ ನೆಟ್ಟದ್ದು ಗಿರಿಪುಷ್ಪ. ನಮ್ಮ ಕಡೆಯ ರೈತರು ಇದಕ್ಕೆ ಗೊಬ್ಬರದ ಗಿಡ ಎನ್ನುತ್ತಾರೆ. ಮಧ್ಯ ಅಮೆರಿಕದ ಮೂಲದ್ದು. ಬೇಗ ಬೆಳೆದು ಬೋಳುಗುಡ್ಡವನ್ನು ಹಸುರು ಮಾಡಿತು ನಿಜ. ಆದರೆ ಅದು ದಟ್ಟವಾಗಿರುವೆಡೆ ಬೇರೆ ಗಿಡ ಏಳುವುದು ಕಷ್ಟ. ಆದ್ದರಿಂದ ಅತ್ತಿ, ಬೇವು, ಹೊಂಗೆ, ಮುತ್ತುಗ, ಕಕ್ಕೆ, ನೆಲ್ಲಿಯಂಥ ಈ ನೆಲದ ಜಾತಿಗಳನ್ನೇ ನೆಡಬೇಕೆಂದು ಗುಂಪಿನವರ ಹಟ. ಪ್ರಾಧ್ಯಾಪಕರು ಇನ್ನೂ ಮುಂದೆ ಹೋಗಿ, ಗುಡ್ಡದ ನೆತ್ತಿ ಮೊದಲಿನಿಂದಲೂ ಹುಲ್ಲುಗಾವಲು. ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳಿಗೆ ಆ ಬಯಲೇ ಮನೆ. ಅಲ್ಲಿ ಯಾವ ಮರವನ್ನೂ ನೆಡಕೂಡದು ಎಂದು ವಾದಿಸುತ್ತಾರೆ. ಬ್ಯಾಂಕಿನವರಿಗೆ ಇದು ಒಪ್ಪಿಗೆಯಿಲ್ಲ. ಮರ ಹೆಚ್ಚಾದರೆ ಯಾರಿಗೆ ಕೇಡು ಎಂದು ಅವರ ಪ್ರಶ್ನೆ. ವಾದ ಒಂದು ವರ್ಷ ನಡೆದು, ನೆತ್ತಿಯನ್ನು ಬಿಟ್ಟು ಇಳಿಜಾರಿನಲ್ಲಿ ಮಾತ್ರ ನೆಡುವುದೆಂದು ತೀರ್ಮಾನವಾಯಿತಂತೆ. ಎಪ್ಪತ್ತು ದಾಟಿದವರು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರೆಂಬುದು ನಮಗೆ ಮರಕ್ಕಿಂತ ದೊಡ್ಡ ಆಶ್ಚರ್ಯವಾಗಿ ಕಂಡಿತು.

ಈ ಗುಡ್ಡದ ಅಡಿಯ ಮೂಲಕ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ರಸ್ತೆ ತೆಗೆಯುವ ಯೋಜನೆ ಬಹು ದಿನಗಳಿಂದ ಚರ್ಚೆಯಲ್ಲಿದೆ. ಕೆಳಗಿನ ರಸ್ತೆಗಳಲ್ಲಿ ವಾಹನಗಳ ನೂಕುನುಗ್ಗಲನ್ನು ನೋಡಿದವರು ರಸ್ತೆ ಬೇಕೆನ್ನುವುದು ಸಹಜ. ಗುಡ್ಡ ಹಾಳಾದೀತೆಂದು ಹೆದರುವವರೂ ಅಷ್ಟೇ ಜನ. ಗುಡ್ಡವನ್ನು ಉಳಿಸಿರೆಂದು ೨೦೨೩ರ ಏಪ್ರಿಲಿನಲ್ಲಿ ಸಾವಿರಾರು ನಾಗರಿಕರು ಮೆರವಣಿಗೆ ನಡೆಸಿದರು. ನೌಕರಿಯಲ್ಲಿದ್ದಷ್ಟು ದಿನ ಯಾವ ಮೆರವಣಿಗೆಗೂ ಹೋಗದ ಮಾಮಾ ಅಂದು ಹೋಗಿದ್ದರು. "ಸರ್ಕಾರದ ಅನ್ನ ಉಂಡವ ನಾ, ಕೂಗಲಿಲ್ಲ. ಆದರ ನಡದೆ" ಎಂದರು.

ಎರಡನೆಯ ದಿನ ಹನುಮಾನ್ ಟೇಕಡಿಗೆ ಹೋದೆವು. ಅಲ್ಲಿ ಪುಣೆಯ ಪೆನ್ಶನರರ ಕುಲಗುರುವೆನ್ನಬಹುದಾದವರ ಕಥೆ ನೆನಪಾಗದಿರದು. ಗೋಪಾಲಕೃಷ್ಣ ಗೋಖಲೆಯವರು ಫರ್ಗ್ಯೂಸನ್ ಕಾಲೇಜಿನಲ್ಲಿ ಸುಮಾರು ಎರಡು ದಶಕ ಪಾಠ ಹೇಳಿ ೧೯೦೨ರಲ್ಲಿ ಅಲ್ಪ ಪೆನ್ಶನ್ನಿನ ಮೇಲೆ ನಿವೃತ್ತರಾದರು. ಆಗ ಅವರಿಗೆ ಮೂವತ್ತಾರು ವರ್ಷ. ಮೂರು ವರ್ಷಗಳ ತರುವಾಯ, ೧೯೦೫ನೆಯ ಜೂನ್ ೧೨ರ ಬೆಳಗಿನಲ್ಲಿ, ಕಾಲೇಜಿನ ಹಿಂದಿನ ಈ ಗುಡ್ಡದ ಮೇಲೆ ಮೂವರು ಸಂಗಡಿಗರೊಡನೆ ಸೇವೆಯ ಪ್ರತಿಜ್ಞೆ ಕೈಕೊಂಡು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ೧೯೧೫ರಲ್ಲಿ ಅವರು ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ. ನಿವೃತ್ತಿಯೆಂದರೆ ಕೆಲಸದ ಕೊನೆಯಲ್ಲ, ಯಜಮಾನನ ಬದಲಾವಣೆ ಎಂದು ಅವರ ಬಾಳನ್ನು ನೋಡಿದರೆ ತೋರುತ್ತದೆ.

ಈ ಗುಡ್ಡದ ಗಾಳಿ ಕನ್ನಡ ನಾಡಿಗೂ ಬೀಸಿತು. ಡಿ. ವಿ. ಗುಂಡಪ್ಪನವರು ಗೋಖಲೆಯವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಸಂಸ್ಥೆಯನ್ನು ೧೯೪೫ರಲ್ಲಿ ಸ್ಥಾಪಿಸಿದಾಗ ಅವರ ವಯಸ್ಸು ಐವತ್ತೇಳು. ಉಳಿದವರು ಕೈಕಾಲು ಚಾಚಿ ಕೂಡುವ ವಯಸ್ಸಿನಲ್ಲಿ ಮೊದಲಿಟ್ಟ ಆ ಕೆಲಸವನ್ನು ೧೯೭೫ರಲ್ಲಿ ಕಾಲವಾಗುವ ತನಕ ಅವರು ಬಿಡಲಿಲ್ಲ. ೧೯೭೦ರಲ್ಲಿ ನಾಡಿನ ಜನ ಸನ್ಮಾನ ಮಾಡಿ ಒಪ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ವಿಶ್ವೇಶ್ವರಯ್ಯನವರೂ ಅಷ್ಟೆ. ಮುಂಬಯಿ ಸರ್ಕಾರದ ನೌಕರಿಯಿಂದ ೧೯೦೮ರಲ್ಲಿ ತಾವಾಗಿಯೇ ನಿವೃತ್ತರಾದರು. ಹೈದರಾಬಾದಿನಲ್ಲಿ ಮೂಸಿ ನದಿಯ ಪ್ರವಾಹಕ್ಕೆ ಕಟ್ಟು ಹಾಕುವ ಯೋಜನೆ, ಮೈಸೂರಿನ ಮುಖ್ಯ ಎಂಜಿನಿಯರ್ ಪದವಿ, ದಿವಾನಗಿರಿ ಎಲ್ಲವೂ ಆ ನಿವೃತ್ತಿಯ ಅನಂತರದವು. ಇವರೆಲ್ಲ ಮಹಾಪುರುಷರು; ಮಾಮಾನ ಗುಂಪಿನವರು ಎರಡು ಬಾಟ್ಲಿಯವರು. ಆದರೆ ದಾರಿ ಒಂದೇ ಎಂದು ನಮಗನಿಸಿತು.

ಗುಡ್ಡ ಏರಲಾರದವರಿಗೂ ಇಲ್ಲಿ ಕೆಲಸವುಂಟು. ಪೆನ್ಶನರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕೆಂಬುದು ವಾಚಕರಿಗೆ ತಿಳಿದೇ ಇದೆ. ೨೦೧೪ರ ನವೆಂಬರಿನಿಂದ ಇದನ್ನು ಬೆರಳಚ್ಚಿನ ಯಂತ್ರದ ಮೂಲಕ ಮನೆಯ ಹತ್ತಿರವೇ ಮಾಡುವ ಅನುಕೂಲವಾಗಿದೆ. ಆದರೆ ಎಂಬತ್ತು ವರ್ಷ ಪಾತ್ರೆ ತಿಕ್ಕಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಯಂತ್ರ ಒಪ್ಪುವುದಿಲ್ಲ. ೨೦೨೧ರಿಂದ ಫೋನಿನ ಮುಂದೆ ಮುಖ ತೋರಿಸಿದರೂ ಆಗುತ್ತದೆ. ಫೋನು ಹಿಡಿಯಲು ತಿಳಿದವರು ಬೇಕು. ಮಾಮಾನ ಗುಂಪಿನ ನರ್ಸಬಾಯಿಯೊಬ್ಬರು ಮೊಮ್ಮಗಳಿಂದ ಅದನ್ನು ಕಲಿತು, ನವೆಂಬರು ಬಂತೆಂದರೆ ಹಾಸಿಗೆ ಹಿಡಿದವರ, ಗಂಡನನ್ನು ಕಳೆದುಕೊಂಡ ಮುದುಕಿಯರ ಮನೆಮನೆಗೆ ಹೋಗಿ ಮಾಡಿಕೊಡುತ್ತಾರೆ. ಕುಟುಂಬ ಪೆನ್ಶನ್ ನಿಂತುಹೋದ ಮನೆಯಲ್ಲಿ ಔಷಧವೂ ನಿಲ್ಲುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಮಾಮಿಯ ವಿಷಯ ಹೇಳದಿದ್ದರೆ ಈ ಬರವಣಿಗೆ ಅರ್ಧವಾದೀತು. ನಾವು ಗುಡ್ಡದಿಂದ ಇಳಿದು ಬಂದಾಗ ಒಗ್ಗರಣೆ ಅವಲಕ್ಕಿ, ಚಹಾ ಸಿದ್ಧವಾಗಿದ್ದವು. ಮಾಮಾನನ್ನು ನಾವು ಹೊಗಳಿದ್ದನ್ನೆಲ್ಲ ಕೇಳಿಸಿಕೊಂಡು ಮಾಮಿ, "ಇವರಿಗೆ ರಿಟಾಯರ್ ಆಗಿ ಹದಿನೇಳು ವರ್ಷಾತು. ನನಗ ಯಾವಾಗ ಆಗ್ತದೋ ದೇವರಿಗೇ ಗೊತ್ತು" ಎಂದರು. ಎಲ್ಲರೂ ನಕ್ಕೆವು, ಆದರೆ ಮಾತು ಸುಳ್ಳಲ್ಲ. ಮುಂಜಾನೆ ಬಾಟ್ಲಿ ತುಂಬಿಡುವವರು ಅವರು. ಹಾಲಿನ ಖಾಲಿ ಚೀಲಗಳನ್ನು ತೊಳೆದು, ಮಣ್ಣು ತುಂಬಿ, ಗಚ್ಚಿಯ ಮೇಲೆ ಬೀಜ ಮೊಳೆಸುವವರೂ ಅವರೇ. ಗುಡ್ಡದ ಮೇಲಿರುವ ಬೇವು, ಕಕ್ಕೆಗಳಲ್ಲಿ ಎಷ್ಟೋ ಅವರ ಗಚ್ಚಿಯಲ್ಲಿಯೇ ಕಣ್ಣುಬಿಟ್ಟವು. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಕಾಲಮು ಇರಲಿಲ್ಲ. ನಮ್ಮ ಮನೆಯವಳು ಅದನ್ನು ಎತ್ತಿ ತೋರಿಸಿದ ಮೇಲೆ ಮಾಮಾ ಸುಮ್ಮನೆ ಕನ್ನಡಕ ಹಾಕಿಕೊಂಡು, ಗೆರೆ ಎಳೆದು, 'ಸಸಿ ಸರಬರಾಜು' ಎಂಬ ಹೊಸ ಕಾಲಮಿನ ಕೆಳಗೆ ಮಾಮಿಯ ಹೆಸರು ಬರೆದರು.

ಇನ್ನೊಂದು ಮಾತು. ಪೆನ್ಶನ್ ಬರುವವರಿಗೆ ಬೆಳಗಿನ ಹೊತ್ತು ತಮ್ಮದು. ನಮ್ಮವರಲ್ಲಿ ಹೋಟೆಲಿನ ಒಲೆಯ ಮುಂದೆ ಬಾಳು ಸವೆಸಿದವರಿಗೆ, ಗಿರಣಿ ಮುಚ್ಚಿ ಕೈ ಬರಿದಾದವರಿಗೆ ಅರವತ್ತಾದರೂ ದುಡಿಮೆ ತಪ್ಪದು. ಸೇವೆಗೆ ಬರಲಿಲ್ಲವೆಂದು ಅಂಥವರನ್ನು ಯಾರೂ ಆಡಿಕೊಳ್ಳಬಾರದು. ಬಿಡುವುಳ್ಳವರು ಕೊಡುವ ಸೇವೆಯಲ್ಲಿ ಮೊದಲ ಪಾಲು ಅಂಥವರ ಮನೆ ಬಾಗಿಲಿಗೇ ಹೋಗಬೇಕು. ಹಾಗೆಯೇ ಹಿರಿಯರು ಮಾಡುತ್ತಾರೆಂದು ನಗರಸಭೆ ತನ್ನ ಹೊಣೆಯನ್ನು ಮರೆಯುವುದೂ ಸರಿಯಲ್ಲ.

ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ, ಮನಸ್ಸಿನಲ್ಲಿದ್ದುದನ್ನು ಮಾಮಾನಿಗೆ ಕೇಳಿಯೇಬಿಟ್ಟೆವು. ಧಾರವಾಡದಲ್ಲಿ ಅವರದೊಂದು ನಿವೇಶನವಿದೆ. ರಿಟಾಯರಾದ ಕೂಡಲೆ ಮನೆ ಕಟ್ಟಿಸಿ ಊರಿಗೆ ಹೋಗಿಬಿಡುತ್ತೇನೆಂದು ನಾವು ಸಣ್ಣವರಿದ್ದಾಗಿನಿಂದ ಹೇಳುತ್ತಿದ್ದರು. ಪರಊರಿನ ಯಾವ ಕನ್ನಡ ಮನೆಯಲ್ಲಿ ಈ ಮಾತು ಕೇಳಿಸದು? ಯಾಕೆ ಹೋಗಲಿಲ್ಲ?

ಮಾಮಾ ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತ ಕೂತರು. "ಹೋಗಬೇಕಂತ ಮಾಡಿದ್ದೆ. ಮೊದಲನೇ ವರ್ಷ ಐದು ಸಸಿ ಹಚ್ಚಿದ್ದೆ, ಅವು ಮೂರು ಬ್ಯಾಸಗಿ ದಾಟಲಿ ಅಂದೆ. ಅವು ದಾಟೂದರಾಗ ಮತ್ತ ಹತ್ತು ಹಚ್ಚಿದ್ವಿ. ಹೀಂಗ ವರ್ಷ ಹೋದ್ವು. ನಲವತ್ತು ವರ್ಷ ಈ ಊರಾಗ ನೌಕರಿ ಮಾಡಿದಾಗ ಇದು ನನ್ನ ಊರು ಅನಸಿರಲಿಲ್ಲ. ಪಗಾರ ಕೊಡ್ತಿತ್ತು, ತಗೋತಿದ್ದೆ. ಈಗ ನಾನೂ ಏನರೆ ಕೊಡ್ಲಿಕ್ಕ್ಹತ್ತೇನಿ. ಈಗ ಅನಸ್ತದ." ಸ್ವಲ್ಪ ತಡೆದು, "ಧಾರವಾಡದ ಮಣ್ಣು ಇದಕ್ಕಿಂತ ಛಲೋ ಅದ. ಅಲ್ಲಿ ಗಿಡ ನಾ ಇಲ್ಲದಿದ್ದರೂ ಬದುಕ್ತಾವ" ಎಂದು ಸೇರಿಸಿದರು. ಆ ದನಿಯಲ್ಲಿ ಊರಿನ ಹಂಬಲ ಹೋಗಿರಲಿಲ್ಲವೆಂಬುದೂ ನಮಗೆ ತಿಳಿಯಿತು.

ನಾವು, ಪರಸ್ಥಳದ ಕನ್ನಡಿಗರು, ಎರಡು ಊರಿನ ನಡುವೆ ತೂಗುತ್ತಲೇ ಆಯುಷ್ಯ ಕಳೆಯುತ್ತೇವೆ. ಹುಟ್ಟಿದ ಊರಿಗೆ ಮರಳಬೇಕೆಂಬ ಆಸೆ. ಇರುವ ಊರಿನಲ್ಲಿ ಬಾಡಿಗೆಯವರ ಮನಸ್ಸು. ನಿವೃತ್ತಿಯಾದ ದಿನ ಈ ತೂಗಾಟ ಮತ್ತಷ್ಟು ಜೋರಾಗುತ್ತದೆ. ಎಲ್ಲಿರಬೇಕೆಂಬುದನ್ನು ಮನೆಮನೆಯವರು ತಮ್ಮ ಅನುಕೂಲ ನೋಡಿ ತೀರ್ಮಾನಿಸಲಿ. ಆದರೆ ಅನ್ನ ಕೊಟ್ಟ ಊರಿಗೆ ದಿನಕ್ಕೆ ಎರಡು ಬಾಟ್ಲಿ ನೀರಿನಷ್ಟು ಕೊಟ್ಟರೂ ಸಾಕು, ಆ ಊರಿನ ನೆಲ ಕಾಲಿಗೆ ಬೇರೆಯೇ ತರಹ ತಾಕುತ್ತದೆಂಬುದನ್ನು ಪುಣೆಯಲ್ಲಿ ಕಂಡೆವು.

ನಮ್ಮ ಸಂಘದಲ್ಲಿಯೂ ನಿವೃತ್ತರು ಬಹಳ ಜನರಿದ್ದಾರೆ. ಹಬ್ಬದ ದಿನ ಮೊದಲ ಸಾಲಿನ ಕುರ್ಚಿ ಕೊಟ್ಟು, ಶಾಲು ಹೊದಿಸಿ, ಬೇಗ ಮನೆಗೆ ಕಳಿಸುವುದರಿಂದ ಅವರಿಗೆ ಸಂತೋಷವಾದೀತೆಂದು ನಾವು ತಿಳಿಯುತ್ತೇವೆ. ಅದರ ಬದಲು ಅವರ ಕೈಗೊಂದು ಪಾಳಿಯ ಪುಸ್ತಕ ಕೊಟ್ಟು ನೋಡೋ‍ಣ. ಮುಂಬಯಿಯಲ್ಲಿ ಗುಡ್ಡವಿಲ್ಲದಿದ್ದರೇನು? ಬರುವ ನವೆಂಬರಿನಲ್ಲಿ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನ ಮುಂದೆ ಸಾಲು ನಿಲ್ಲುವ ಮುದುಕಿಯರಿದ್ದಾರೆ. ಊರಿನಿಂದ ದೊಡ್ಡ ಆಸ್ಪತ್ರೆಗೆ ಬಂದು ಭಾಷೆ ತಿಳಿಯದೆ ನಿಂತಿರುವ ನಮ್ಮವರಿದ್ದಾರೆ. ಮನೆಯಲ್ಲಿ ಕನ್ನಡ ಅಕ್ಷರ ಕಲಿಸುವವರಿಲ್ಲದ ಮಕ್ಕಳಿದ್ದಾರೆ. ವಾರಕ್ಕೆ ಎರಡು ತಾಸು ಕೊಡಬಲ್ಲ ಹಿರಿಯರು ತಮ್ಮ ಹೆಸರನ್ನು ಸಂಘದ ಕಚೇರಿಯಲ್ಲಿ ಬರೆಸಬೇಕೆಂದು ಬಿನ್ನವಿಸುತ್ತೇವೆ. ಪುಣೆಗೆ ಹೋಗುವ ವಾಚಕರು ಒಂದು ಬೆಳಗನ್ನು ಗುಡ್ಡಕ್ಕೆಂದು ಇಟ್ಟುಕೊಳ್ಳಲಿ; ಹೋಗುವಾಗ ಒಂದು ಬಾಟ್ಲಿ ನೀರು ಒಯ್ಯುವುದನ್ನು ಮರೆಯದಿರಲಿ.